ಗವೇನ್ ಹಸ್ತಪ್ರತಿಯ ಬಲ ಅಂಚಿನ ಎರಡು ಪದ: ಗಟ್ಟಿಯಾಗಿ ಓದುವಾಗ ಎಲ್ಲಿ ಹೇಳಬೇಕು?

ಓಲೆಗರಿ

'ಸರ್ ಗವೇನ್ ಅಂಡ್ ದ ಗ್ರೀನ್ ನೈಟ್' ಅನ್ನುವ 14ನೇ ಶತಮಾನದ ಇಂಗ್ಲಿಷ್ ಕಥನಕಾವ್ಯದ ಯಾವುದೇ ಅಚ್ಚಿನ ಪ್ರತಿ ತೆಗೆದರೂ ಪದ್ಯದ ಕೊನೆ ಒಂದೇ ಥರ ಕಾಣುತ್ತದೆ. ಉದ್ದ ಸಾಲುಗಳು ಮುಗಿದ ಮೇಲೆ ಸಾಮಾನ್ಯವಾಗಿ ಎರಡೇ ಪದದ ಒಂದು ಗಿಡ್ಡ ಸಾಲು, ಅದಕ್ಕೆ ಬಾಬ್ ಅನ್ನುತ್ತಾರೆ. ಅದರ ಕೆಳಗೆ ನಾಲ್ಕು ಚಿಕ್ಕ ಸಾಲು, ಅದು ವೀಲ್.

ಹಸ್ತಪ್ರತಿಯ ಚಿತ್ರ ತೆರೆದರೆ ಹಾಗಿಲ್ಲ. ಬ್ರಿಟಿಷ್ ಲೈಬ್ರರಿಯ ಕಾಟನ್ ನೀರೋ ಎ.10ರಲ್ಲಿ ಬಾಬ್‌ಗೆ ಅಂತ ಸಾಲು ಬಿಟ್ಟಿಲ್ಲ. ಉದ್ದ ಸಾಲುಗಳ ಬಲಕ್ಕೆ, ಅಂಚಿನ ಜಾಗದಲ್ಲಿ ಬರೆದಿದೆ. ಕೆಲವು ಪದ್ಯಗಳಲ್ಲಿ ಕೊನೆಯ ಉದ್ದ ಸಾಲಿನ ಪಕ್ಕಕ್ಕೇ ಇದೆ, ಕೆಲವು ಕಡೆ ಒಂದೆರಡು ಸಾಲು ಮೇಲೆಯೇ ಇದೆ.

ಚಿತ್ರ ನೋಡಿಕೊಂಡು ಗಟ್ಟಿಯಾಗಿ ಓದುವವರು ಅದನ್ನು ಕಂಡ ಜಾಗದಲ್ಲಿ ಹೇಳಬೇಕಾ, ಸಂಪಾದಕರು ಇಟ್ಟ ಜಾಗದಲ್ಲಿ ಹೇಳಬೇಕಾ? ಒಟ್ಟಾರೆ ಆ ಕಾಲದ ಪುಟದ ವಿನ್ಯಾಸ ದನಿಗೆ ಕೊಟ್ಟ ಸೂಚನೆಯಾ, ಕಣ್ಣಿಗೆ ಮಾಡಿದ ಅನುಕೂಲವಾ?

ಹೊಲಿಗೆದಾರ

ಪ್ರಾಸ ನೋಡಿ, ಉತ್ತರ ಅಲ್ಲೇ ಇದೆ. ಬಾಬ್ ಪ್ರಾಸ ಸೇರುವುದು ವೀಲ್‌ನ ಎರಡನೇ ಮತ್ತು ನಾಲ್ಕನೇ ಸಾಲಿನ ಜೊತೆ. ಮೊದಲ ಪದ್ಯದಲ್ಲಿ ಬಾಬ್ 'ವಿಥ್ ವಿನ್ನೆ'. ವೀಲ್‌ನ ಸಾಲುಗಳು 'ವಂಡರ್', 'ಥೇರಿನ್ನೆ', 'ಬ್ಲಂಡರ್', 'ಸಿನ್ನೆ' ಅಂತ ಮುಗಿಯುತ್ತವೆ. ವಿನ್ನೆ, ಥೇರಿನ್ನೆ, ಸಿನ್ನೆ. ಕೇಳುವವರ ಕಿವಿಯಲ್ಲಿ 'ವಿನ್ನೆ' ಇನ್ನೂ ಗುಂಯ್‌ಗುಡುತ್ತಿರುವಾಗಲೇ ವೀಲ್ ಶುರುವಾಗಬೇಕು. ಎರಡು ಉದ್ದ ಸಾಲಿನ ಹಿಂದೆ ಹೇಳಿಬಿಟ್ಟರೆ ಕೊಂಡಿ ಕಳಚಿತು.

ಪಕ್ಕದಲ್ಲಿ ಬರೆದದ್ದು ಜಾಗ ಉಳಿಸಲು. ಕಾವ್ಯದ ಒಟ್ಟು ಸಾಲು 2530, ಪದ್ಯ 101. ಬಾಬ್ ತೆಗೆದರೆ 2429. ಪುಟಕ್ಕೆ 36 ಸಾಲು ಬರೆಯುವ ಲಿಪಿಕಾರನಿಗೆ ಹೆಚ್ಚುಕಡಿಮೆ ಮೂರು ಪುಟ ಉಳಿತಾಯ. ಚರ್ಮಪತ್ರ ಅಗ್ಗದ ಸಾಮಾನಲ್ಲ.

ಎಡಮಗ್ಗುಲು

ಪ್ರಾಸದ ಮಾತು ಒಪ್ಪುತ್ತೇನೆ, ಉಳಿತಾಯದ ಲೆಕ್ಕ ಒಪ್ಪುವುದಿಲ್ಲ. ಸುಮಾರು 68 ಪುಟದ ಕಾವ್ಯದಲ್ಲಿ ಮೂರು ಪುಟಕ್ಕಾಗಿ ಯಾರೂ ಇಡೀ ವಿನ್ಯಾಸ ಬದಲಿಸುವುದಿಲ್ಲ. ಅದೂ ಅಲ್ಲದೆ ಇದು ಈ ಒಬ್ಬ ಲಿಪಿಕಾರನ ಉಪಾಯವಲ್ಲ, ಆ ಕಾಲಕ್ಕೆ ಎಲ್ಲರೂ ಬಲ್ಲ ಪದ್ಧತಿ.

ಅದೇ ಕಾಲದ ಕವಿ ಚಾಸರನ 'ಕ್ಯಾಂಟರ್ಬರಿ ಟೇಲ್ಸ್' ಕೃತಿಯಲ್ಲಿ ಬರುವ 'ಸರ್ ಥೋಪಾಸ್' ಕಥೆಯನ್ನು ಆ ಕೃತಿಯ ಹೆಂಗ್‌ವರ್ಟ್ ಅಥವಾ ಎಲ್ಸ್‌ಮಿಯರ್ ಹಸ್ತಪ್ರತಿಯಲ್ಲಿ ನೋಡಿ. ಪ್ರಾಸ ಸೇರುವ ಎರಡು ಸಾಲು ಎಡಕ್ಕೆ. ಅವೆರಡನ್ನೂ ಗೆರೆ ಎಳೆದು ಕೂಡಿಸಿ, ಆ ಗೆರೆಯ ತುದಿಗೆ ಬಲಗಡೆ ಬಾಲದ ಸಾಲು, ಅಂದರೆ ಆ ಜೋಡಿಯ ಹಿಂದೆ ಬರುವ ಗಿಡ್ಡ ಸಾಲು. ಬಾಬ್ ಬಂದಾಗ ಅದು ಇನ್ನೂ ಬಲಕ್ಕೆ ಹೋಗಿ ಮೂರನೇ ಕಂಬಸಾಲೇ ಆಗುತ್ತದೆ. ಬಾಲಪ್ರಾಸದ ಎಷ್ಟೋ ಕಥನಕಾವ್ಯಗಳಲ್ಲಿ ಇದೇ ಏರ್ಪಾಡು. ಬಲಕ್ಕೆ ಬರೆದದ್ದನ್ನು ಎಡದ ಗುಂಪು ಮುಗಿದ ಮೇಲೆ ಹೇಳಬೇಕು ಅನ್ನುವುದು ಓದುಗನಿಗೆ ಮೊದಲೇ ಗೊತ್ತು. ಎಷ್ಟು ಎತ್ತರಕ್ಕೆ ಬರೆದಿದೆ ಅನ್ನುವುದಕ್ಕೆ ಬೆಲೆ ಇಲ್ಲ.

ಅಂಚು

ಬೆಲೆ ಇಲ್ಲ ಅಂತ ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ ಸರ್. ಗವೇನ್‌ನಲ್ಲಿ ಥೋಪಾಸ್‌ನ ಹಾಗೆ ಕೂಡುಗೆರೆಯ ವ್ಯವಸ್ಥೆ ಇಲ್ಲ. ಬಾಬ್‌ಗಳಲ್ಲಿ ಸುಮಾರು ಭಾಗ ಅರ್ಥದಲ್ಲಿ ಸಡಿಲವಾದವು, 'ಸಂತೋಷದಿಂದ', 'ನಿಜವಾಗಿ' ಅನ್ನುವಂಥವು. ಒಂದು ಸಾಲು ಮೇಲಿಟ್ಟರೂ ವ್ಯಾಕರಣ ಕೆಡುವುದಿಲ್ಲ. ಲಿಪಿಕಾರ ಬೇಕೆಂದೇ ಮೇಲೆ ಇಟ್ಟಿರಬಹುದು ಎಂದು ವಾದಿಸಿದ ವಿದ್ವಾಂಸರೂ ಇದ್ದಾರೆ. ಮೇಲಿನ ಸಾಲಿಗೂ ಹೊಂದುತ್ತದೆ, ಕೊನೆಗೂ ಹೊಂದುತ್ತದೆ ಅಂದಾಗ ಓದುವ ಕಣ್ಣಿಗೆ ಎರಡೂ ಅರ್ಥ ಸಿಗುತ್ತದಲ್ಲ?

ಹೊಲಿಗೆದಾರ

ಕಣ್ಣಿಗೆ ಸಿಗುತ್ತದೆ. ಬಾಯಿ ಒಂದೇ ಜಾಗದಲ್ಲಿ ಹೇಳಬಲ್ಲದು. ಪ್ರಶ್ನೆ ಇದ್ದದ್ದು ಬಾಯಿಯದು.

ತಂಬೂರಿ

ಇಬ್ಬರೂ ಒಂದು ಸಂಗತಿ ಬಿಟ್ಟಿರಿ. ಆ ಪುಟದಲ್ಲಿ ಪದ್ಯ ಪದ್ಯದ ನಡುವೆ ಖಾಲಿ ಸಾಲಿಲ್ಲ. ಅಕ್ಷರ ಚಿಕ್ಕದು, ಕೋನಕೋನ, ಸಾಲುಗಳು ಒತ್ತಾಗಿವೆ. ಉದ್ದ ಸಾಲುಗಳ ಸಂಖ್ಯೆಯೂ ಪದ್ಯದಿಂದ ಪದ್ಯಕ್ಕೆ ಬೇರೆ. 2530ರಲ್ಲಿ ಬಾಬ್ ಮತ್ತು ವೀಲ್ ಸೇರಿ 505 ಕಳೆದರೆ 2025 ಉಳಿಯುತ್ತದೆ, ಅಂದರೆ ಪದ್ಯಕ್ಕೆ ಸರಾಸರಿ 20. ಆದರೆ ಮೊದಲ ಪದ್ಯದಲ್ಲಿ 14 ಮಾತ್ರ. ಉದ್ದ ಸಾಲಿನ ಓಟ ಎಲ್ಲಿ ನಿಲ್ಲುತ್ತದೆ ಅಂತ ಓದುವವನು ಊಹಿಸಲಾರ.

ಗಟ್ಟಿಯಾಗಿ ಓದುವಾಗ ಕಣ್ಣು ಬಾಯಿಗಿಂತ ಒಂದೆರಡು ಸಾಲು ಮುಂದೆ ಇರುತ್ತದೆ. ಬಲ ಅಂಚಿನಲ್ಲಿ ಬಾಬ್ ಕಂಡ ಕ್ಷಣ 'ತಿರುವು ಬಂತು, ಉಸಿರು ಉಳಿಸಿಕೋ' ಅನ್ನುವ ಮುನ್ಸೂಚನೆ ಸಿಗುತ್ತದೆ. ಒಂದೆರಡು ಸಾಲು ಮೇಲಿದ್ದರೆ ಆ ಕೆಲಸಕ್ಕೆ ಇನ್ನೂ ಒಳ್ಳೆಯದೇ. ಹೇಳುವ ಜಾಗ ಕೊನೆಯೇ, ಬರೆದ ಜಾಗ ಮಾತ್ರ ಕಣ್ಣಿನ ಓಟಕ್ಕೆ ತಕ್ಕ ಹಾಗಿದೆ. ಲಿಪಿಕಾರನ ಉದ್ದೇಶ ಇದೇ ಅಂತ ನಾನು ಹೇಳುತ್ತಿಲ್ಲ. ಪುಟ ಓದುಗನಿಗೆ ಮಾಡುವ ಕೆಲಸ ಇದು.

ಓಲೆಗರಿ

ತಂಬೂರಿ ಅವರೇ, ಇದು ತಲೆಗೆ ಹತ್ತಿತು. ಹಾಗಾದರೆ ದನಿಯಲ್ಲಿ ಬಾಬ್ ಹೇಗಿರಬೇಕು? ಮುಂಚೆ ನಿಲ್ಲಬೇಕಾ, ಆಮೇಲೆ ನಿಲ್ಲಬೇಕಾ?

ತಂಬೂರಿ

ಮುಂಚೆ ಕೂದಲೆಳೆಯಷ್ಟು, ಆಮೇಲೆ ಪೂರ್ತಿ ಒಂದು ತಾಳ. ಮೊದಲ ಪದ್ಯದಲ್ಲಿ ಕೊನೆಯ ಉದ್ದ ಸಾಲು ಐತಿಹ್ಯದ ಮೂಲಪುರುಷ ಬ್ರೂಟಸ್ ಬ್ರಿಟನ್ನಿನಲ್ಲಿ ನೆಲೆ ಹೂಡಿದ ಅನ್ನುತ್ತದೆ, ಬಾಬ್ 'ಸಂತೋಷದಿಂದ' ಅಂತ ಅದೇ ವಾಕ್ಯವನ್ನು ಮುಗಿಸುತ್ತದೆ. ವೀಲ್ 'ಅಲ್ಲಿ ಯುದ್ಧ, ಸೇಡು, ಅಚ್ಚರಿ' ಅಂತ ಹೊಸ ಉಪವಾಕ್ಯ ತೆಗೆಯುತ್ತದೆ.

ಕೆಡುವುದು ಎರಡು ಥರ. ಬಾಬ್‌ಗೆ ಮುಂಚೆ ಉದ್ದಕ್ಕೆ ನಿಂತರೆ ಕೇಳುವವರು ಪದ್ಯ ಮುಗಿಯಿತು ಅಂದುಕೊಳ್ಳುತ್ತಾರೆ, ಆಮೇಲೆ ಬರುವ ಎರಡು ಪದ ಉದುರಿ ಬಿದ್ದ ಹಾಗೆ ಕೇಳಿಸುತ್ತದೆ. ಉದ್ದ ಸಾಲಿನ ಬಾಲದ ಶ್ರುತಿಯಲ್ಲೇ ಬಾಬ್ ಹೇಳಿದರೆ ಅದು ಅದೇ ಸಾಲಿಗೆ ಅಂಟಿಕೊಂಡು ಪ್ರಾಸ ಕಳೆದುಹೋಗುತ್ತದೆ. ಸ್ವಲ್ಪ ದನಿ ಎತ್ತಿ, ಕೊನೆಯ ಅಕ್ಷರ ತೆರೆದಿಟ್ಟು ಬಿಡಿ. ವೀಲ್‌ನಲ್ಲಿ ಸಾಲಿಗೆ ಮೂರೇ ಸ್ವರಭಾರ (ಒತ್ತಿ ಹೇಳುವ ಜಾಗ), ಉದ್ದ ಸಾಲಿಗಿಂತ ಚುರುಕಾಗಿ ಹೋಗಬೇಕು.

ಗದ್ದೆಬದು

ಉದ್ದ ಸಾಲಿನ ಅನುಪ್ರಾಸ ಹಿಡಿಯುವುದಕ್ಕೆ ಕನ್ನಡದ ಕಿವಿ ಒಂದು ತೊಡಕು ಕೊಡುತ್ತದೆ. ನಮಗೆ ಪ್ರಾಸ ಅಂದ ತಕ್ಷಣ ಸಾಲಿನ ಎರಡನೇ ಅಕ್ಷರಕ್ಕೆ ಗಮನ ಹೋಗುತ್ತದೆ. ಇಲ್ಲಿ ಹುಡುಕಬೇಕಾದದ್ದು ಸ್ವರಭಾರ ಬಿದ್ದ ಅಕ್ಷರ, ಅದು ಪದದ ಮೊದಲ ಅಕ್ಷರವೇ ಆಗಬೇಕಿಲ್ಲ. ಗವೇನ್‌ನ ಮೊದಲ ಸಾಲು 'ಸಿಥೆನ್ ಥೆ ಸೇಜ್ ಆಂಡ್ ಥೆ ಅಸ್ಸೌಟ್ ವಾಸ್ ಸೇಸೆಡ್ ಆಟ್ ಟ್ರೊಯೆ'. ಇಲ್ಲಿ ಸೇಜ್, ಸೌಟ್, ಸೇಸೆಡ್ ಮೂರರ 'ಸ'ಕಾರ ಕೂಡುತ್ತದೆ. 'ಅಸ್ಸೌಟ್' ಶುರುವಾಗುವುದು ಅಕಾರದಿಂದ, ಆದರೂ ಭಾರ ಇರುವುದು 'ಸೌ' ಮೇಲೆ. 'ಅ' ಮೇಲೆ ಗುದ್ದಿ ಓದಿದರೆ ಸಾಲು ಸತ್ತಿತು.

ಸ್ವರದಿಂದ ಶುರುವಾಗುವ ಪದಗಳಾದರೆ ಯಾವ ಸ್ವರಕ್ಕೆ ಯಾವ ಸ್ವರವಾದರೂ ಕೂಡುತ್ತದೆ. ಅದನ್ನು ದೋಷ ಅಂತ ಎಣಿಸಬೇಡಿ.

ಮಸಿಕುಡಿಕೆ

ಅದೇ ಸಾಲಿನಲ್ಲಿ ಇನ್ನೊಂದು ಬಲೆ ಇದೆ. 'ವಾಸ್' ಅಂತ ನೀವು ಬರೆದ ಪದ ಹಸ್ತಪ್ರತಿಯಲ್ಲಿ ಟಿ ಆದ ಮೇಲೆ ಯೋಗ್ ಅಕ್ಷರದಿಂದ ಮುಗಿಯುತ್ತದೆ. ಯೋಗ್ ಅಂದರೆ 3 ಅಂಕಿಯ ಹಾಗೆ ಕಾಣುವ, ಬಾಲ ಕೆಳಗಿಳಿದ ಅಕ್ಷರ. ಈ ಲಿಪಿಕಾರ ಒಂದೇ ಆಕಾರದಿಂದ ಹಲವು ಕೆಲಸ ಮಾಡಿಸುತ್ತಾನೆ. ಪದದ ಮೊದಲಲ್ಲಿ ಸಾಮಾನ್ಯವಾಗಿ 'ಯ'. 'ನೈಟ್' ಪದದ ನಡುವೆ ಬಂದರೆ ಗಂಟಲಿನಿಂದ ಬರುವ ಹಕಾರ, ಹೆಚ್ಚುಕಡಿಮೆ 'ಕ್ನಿಹ್ಟ್'. ಕೊನೆಯಲ್ಲಿ ಟಿ ಜೊತೆ ಬಂದರೆ ಬರೀ 'ಸ್'. 'ವಾಟ್ಸ್' ಅಂತ ಓದುವವರು ಬಹಳ.

ಇಂದಿನ ಟಿ-ಎಚ್ ಬದಲು ಬರೆಯುತ್ತಿದ್ದ ಥಾರ್ನ್ ಅಕ್ಷರ ಸುಲಭ, ಕೋಲಿಗೆ ಹೊಟ್ಟೆ ಇಟ್ಟ ಹಾಗೆ. ಉಚ್ಚಾರಕ್ಕೆ ನಮ್ಮ ಥಕಾರ ಸಾಲದು. ನಮ್ಮದರಲ್ಲಿ ಗಾಳಿ ತಡೆದು ಬಿಡುತ್ತೇವೆ, ಅದರಲ್ಲಿ ನಾಲಿಗೆಯ ತುದಿ ಹಲ್ಲಿಗೆ ತಾಗಿಸಿ ಗಾಳಿ ಹರಿಯಬಿಡಬೇಕು.

ಓದುಮನೆ

ಚಾಸರ್ ಹಸ್ತಪ್ರತಿಯಲ್ಲಿ ಸಾಲಿನ ನಡುವೆ ಬರುವ ಓರೆಗೆರೆ ಉಸಿರು ತೆಗೆದುಕೊಳ್ಳುವ ಗುರುತು ತಾನೇ?

ಎಡಮಗ್ಗುಲು

ಉಸಿರಿನದಲ್ಲ. ಹತ್ತು ಅಕ್ಷರದ ಸಾಲಿನ ನಡುವೆ ಯಾರಿಗೂ ಉಸಿರು ಬೇಕಾಗುವುದಿಲ್ಲ. ಅದು ವರ್ಗ್ಯುಲ್, ಸಾಲಿನ ಒಳಗಿನ ಸಣ್ಣ ತಡೆಯನ್ನು ತೋರಿಸುತ್ತದೆ. ಎಲ್ಲಾ ಸಾಲಿನಲ್ಲೂ ಇರುವುದಿಲ್ಲ. ಹೆಂಗ್‌ವರ್ಟ್, ಎಲ್ಸ್‌ಮಿಯರ್ ಎರಡೂ ಒಂದೇ ಕೈಬರಹ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಆದರೂ ಒಂದು ಪ್ರತಿಯ ಗೆರೆ ಕವಿಯದೇ ಅಂತ ನಂಬಿ ಓದಬಾರದು, ಅದು ಬರೆದವನ ಓದು.

ಗದ್ದೆಬದು

ನಿಲ್ಲುವ ಬದಲು ದನಿಯ ದಿಕ್ಕು ಬದಲಿಸಿದರೆ ಸಾಕು. ಪ್ರತಿ ಗೆರೆಗೂ ನಿಂತರೆ ಕುಂಟುತ್ತದೆ.

ಅಂಚು

ಚಾಸರ್ ಓದಿನಲ್ಲಿ ಗೆರೆಗಿಂತ ಹೆಚ್ಚು ಕೆಡಿಸುವುದು ಕೊನೆಯ 'ಎ'. ಕೆಲವರು ಒಂದನ್ನೂ ಉಚ್ಚರಿಸುವುದಿಲ್ಲ, ಕೆಲವರು ಕಂಡದ್ದನ್ನೆಲ್ಲಾ ಉಚ್ಚರಿಸುತ್ತಾರೆ.

'ಕ್ಯಾಂಟರ್ಬರಿ ಟೇಲ್ಸ್' ಶುರುವಿನ ಪ್ರೋಲಾಗ್, ಅಂದರೆ ಪೀಠಿಕೆಯ, ಎರಡನೇ ಸಾಲು ತೆಗೆದುಕೊಳ್ಳಿ. 'ಥೆ ಡ್ರೂಖ್ಟೆ ಅಫ್ ಮಾರ್ಚ್ ಹಾಥ್ ಪೇರ್ಸೆಡ್ ಟೊ ಥೆ ರೋಟೆ'. ಡ್ರೂಖ್ಟೆಯ ಎಕಾರದ ಮುಂದೆ ಸ್ವರ ಇದೆ, ಹಾಗಾಗಿ ಲೋಪ. ನಮ್ಮ ಲೋಪಸಂಧಿಯದೇ ರೀತಿ, 'ಡ್ರೂಖ್ಟಫ್' ಆಗುತ್ತದೆ. ಪೇರ್ಸೆಡ್ ಎರಡು ಅಕ್ಷರ. ರೋಟೆಯ ಎಕಾರ ಸಾಲಿನ ಕೊನೆಯಲ್ಲಿದೆ, ಮೆಲ್ಲಗೆ ಹೇಳಬೇಕು. ಎಣಿಸಿ, ಹನ್ನೊಂದು ಬರುತ್ತದೆ, ಹತ್ತು ಮತ್ತು ಮೃದುವಾದ ಒಂದು ಬಾಲ. ಮುಂದಿನ ಪದ ದುರ್ಬಲ ಹಕಾರದಿಂದ ಶುರುವಾದರೂ ಲೋಪವೇ.

ಈಗ ಮೊದಲ ಸಾಲು. ಎಲ್ಸ್‌ಮಿಯರ್‌ನಲ್ಲಿ 'ಹಿಸ್' ಅನ್ನುವುದಕ್ಕೆ ಕೊನೆಯಲ್ಲಿ ಎಕಾರ ಸೇರಿಸಿ ಬರೆದಿದೆ, ಹೆಂಗ್‌ವರ್ಟ್‌ನಲ್ಲಿ ಆ ಎಕಾರ ಇಲ್ಲ. ಅದನ್ನು 'ಹಿಸೆ' ಅಂದರೆ 'ಹಿಸೆ ಶೂರೆಸ್' ಆಗಿ ನಡೆ ಮುಗ್ಗರಿಸುತ್ತದೆ. ಬರೆದಿದೆ, ಹೇಳುವ ಹಾಗಿಲ್ಲ.

ಓದುಮನೆ

ಸಾಲಿನ ಕೊನೆಯ ಎಕಾರ ಹೇಳುತ್ತಿದ್ದರು ಅನ್ನುವುದಕ್ಕೆ ಏನು ಆಧಾರ?

ಅಂಚು

ಪ್ರಾಸ. ಅದೇ ಪ್ರೋಲಾಗ್‌ನಲ್ಲಿ ಕ್ಷಮಾಪತ್ರ ಮಾರುವವನ ವರ್ಣನೆ ಬರುವಾಗ 'ರೋಮ್' ನಗರದ ಹೆಸರಿಗೆ 'ಟೊ ಮಿ' ಪ್ರಾಸ ಸೇರಿದೆ. 'ರೋಮೆ', 'ಟೋ ಮೆ' ಅಂತ ಎರಡು ಅಕ್ಷರ ಹೇಳಿದರೆ ಮಾತ್ರ ಕೂಡುತ್ತದೆ. ಸ್ವರಗಳೂ ಅಷ್ಟೇ, ಬರೆದ ಹಾಗೆ ಓದಿ: 'ಟೈಮ್' ಅಲ್ಲ 'ಟೀಮೆ', 'ನೇಮ್' ಅಲ್ಲ 'ನಾಮೆ'. ದೀರ್ಘಸ್ವರಗಳು ಸ್ಥಾನಪಲ್ಲಟ ಆದದ್ದು ಆಮೇಲೆ.

ಕೆಂಪುಗೆರೆ

ಉಚ್ಚಾರ ಬರೆದುಕೊಳ್ಳಲು ಕನ್ನಡ ಲಿಪಿ ಚೆನ್ನಾಗಿದೆ, ಹ್ರಸ್ವ ದೀರ್ಘ ಬೇರೆ ಬೇರೆ ಇದೆ, ಒತ್ತಕ್ಷರ ಇದೆ. ಆರ್ಮ್ಯುಲಮ್‌ನಲ್ಲಂತೂ ಅಂದರೆ ಬೈಬಲ್ ಪಾಠಗಳನ್ನು ವಿವರಿಸುವ ಪದ್ಯಗ್ರಂಥದಲ್ಲಿ, ಆರ್ಮ್ ಅನ್ನುವ ಪಾದ್ರಿ 12ನೇ ಶತಮಾನದಲ್ಲೇ ವ್ಯಂಜನಗಳನ್ನು ಇಮ್ಮಡಿಸಿ ಬರೆದಿದ್ದಾನೆ, ನಮ್ಮ ಒತ್ತಕ್ಷರದಂತೆಯೇ ಓದಿದರೆ ಆಯಿತು.

ಎಡಮಗ್ಗುಲು

ಇದೊಂದು ತಿದ್ದಬೇಕು. ಹಳೆ ಇಂಗ್ಲಿಷ್‌ನ ಇಮ್ಮಡಿ ವ್ಯಂಜನ ನಿಜವಾಗಿಯೂ ಇಮ್ಮಡಿ, ಅಲ್ಲಿ ಒತ್ತು ಕೊಟ್ಟು ಓದಿ. ಆರ್ಮ್‌ನದು ಬೇರೆ. ಹಿಂದಿನ ಸ್ವರ ಹ್ರಸ್ವ ಅಂತ ತೋರಿಸುವುದಕ್ಕೆ ಅವನು ವ್ಯಂಜನವನ್ನು ಎರಡು ಸಲ ಬರೆಯುತ್ತಾನೆ ಅನ್ನುವುದೇ ಹೆಚ್ಚಿನವರ ಓದು. ಪದದ ಕೊನೆಯಲ್ಲೂ ಎರಡು ಎನ್, ಎರಡು ಟಿ ಹಾಕುತ್ತಾನೆ. ಪ್ರತಿಯೊಂದಕ್ಕೂ ಕನ್ನಡದ ಒತ್ತು ಕೊಟ್ಟರೆ 15 ಅಕ್ಷರದ ಸಾಲು ಕಲ್ಲಿನ ಮೇಲೆ ಗಾಡಿ ಓಡಿದ ಹಾಗೆ ಆಗುತ್ತದೆ. ಪ್ರತಿ ಮಾಡುವವರು ಆ ಎರಡೆರಡು ಅಕ್ಷರಗಳನ್ನು ಹಾಗೇ ಉಳಿಸಬೇಕು ಅಂತ ಅವನೇ ಕೇಳಿಕೊಂಡಿದ್ದಾನೆ. ಗಟ್ಟಿಯಾಗಿ ಓದುವವರ ಬಾಯಿಯನ್ನು ಪುಟದಿಂದಲೇ ತಿದ್ದಲು ಹೊರಟ ಮನುಷ್ಯ ಅವನು. ಇಡೀ ಮಧ್ಯಯುಗದ ಇಂಗ್ಲಿಷ್‌ನಲ್ಲಿ ಅಂಥ ಪ್ರಯತ್ನ ಮತ್ತೊಂದು ಕಾಣುವುದು ಕಷ್ಟ.

ಕೆಂಪುಗೆರೆ

ಸರಿ, ಒಪ್ಪಿದೆ. ಹಾಗಾದರೆ ಹಳೆ ಇಂಗ್ಲಿಷ್ ಕಾವ್ಯ ಬೇವುಲ್ಫ್‌ನ ಚುಕ್ಕಿಗಳು?

ಹೊಲಿಗೆದಾರ

ಬೇವುಲ್ಫ್‌ನಲ್ಲಿ ಚುಕ್ಕಿ ಅಲ್ಲೊಂದು ಇಲ್ಲೊಂದು. ನಂಬಿಕೊಂಡು ಓದಲು ಆಗುವುದಿಲ್ಲ. ಪದ್ಯವನ್ನು ಗದ್ಯದ ಹಾಗೆ ಅಂಚಿನಿಂದ ಅಂಚಿಗೆ ತುಂಬಿಸಿದ್ದಾರೆ. ಮೊದಲ ಸಾಲು ದೊಡ್ಡಕ್ಷರದಲ್ಲಿ 'ಹ್ವಾಟ್ ವೇ ಗಾರ್‌ಡೆ' ಅಂತ ನಿಲ್ಲುತ್ತದೆ, 'ನ' ಮುಂದಿನ ಸಾಲಿಗೆ ಹೋಗಿದೆ. 'ಗಾರ್‌ಡೆನ' ಒಂದೇ ಪದ. ಸಾಲು ಮುರಿದ ಕಡೆ ದನಿ ಮುರಿಯಬಾರದು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಬೇಡ. ಮೊದಲ ಚುಕ್ಕಿ 'ಡಾಗುಮ್' ಆದ ಮೇಲೆ, ಅದು ನಿಜವಾಗಿಯೂ ಪದ್ಯದ ಸಾಲು ಮುಗಿಯುವ ಜಾಗ.

ಚುಕ್ಕಿಗಳ ಜೊತೆ ಅಭ್ಯಾಸ ಮಾಡಬೇಕೆಂದರೆ ಬಾಡ್ಲಿಯನ್‌ನ ಜೂನಿಯಸ್ 11 ಅನ್ನುವ ಹಳೆ ಇಂಗ್ಲಿಷ್ ಪದ್ಯಗಳ ಹಸ್ತಪ್ರತಿ ತೆಗೆಯಿರಿ. ಅಲ್ಲಿ ಹೆಚ್ಚುಕಡಿಮೆ ಪ್ರತಿ ಅರ್ಧಸಾಲಿಗೂ ಚುಕ್ಕಿ ಇದೆ. ಪದ್ಯದ ಲಯ ಕಣ್ಣಿಗೆ ಕಾಣುತ್ತದೆ. 7ರಂತೆ ಕಾಣುವ ಚಿಹ್ನೆ ಬಂದರೆ ಅಂಕಿಯಲ್ಲ, 'ಆಂಡ್' ಅಥವಾ 'ಒಂಡ್' ಎಂದು ಓದಬೇಕು.

ತಂಬೂರಿ

ಪುಟವೇ ಬಾಯಿಗೆ ಆದೇಶ ಕೊಡುವ ಒಂದು ಪ್ರಕರಣ ಹೇಳುತ್ತೇನೆ. ಹಾರ್ಲಿ 978 ಹಸ್ತಪ್ರತಿಯಲ್ಲಿರುವ 13ನೇ ಶತಮಾನದ ಹಾಡು 'ಸುಮರ್ ಇಸ್ ಇಕುಮೆನ್ ಇನ್'. ಮೊದಲ ಗಾಯಕ ಹಾಡುತ್ತಾ ಕೆಂಪು ಶಿಲುಬೆಯ ಗುರುತು ತಲುಪಿದಾಗ ಎರಡನೆಯವನು ಮೊದಲಿನಿಂದ ಎತ್ತಿಕೊಳ್ಳಬೇಕು, ಹೀಗೇ ನಾಲ್ವರು. ಕೆಳಗೆ ಇಬ್ಬರು 'ಪೆಸ್' ಅನ್ನುವ ಆಧಾರದ ತುಣುಕನ್ನು ಸುತ್ತಿಸುತ್ತಿರುತ್ತಾರೆ. ನಿಯಮ ಲ್ಯಾಟಿನ್‌ನಲ್ಲಿ ಪುಟದ ಮೇಲೆಯೇ ಇದೆ: ಪೆಸ್ ಹಾಡುವವರನ್ನು ಬಿಟ್ಟು ಮೂವರಿಗಿಂತ, ತೀರಾ ಅಂದರೆ ಇಬ್ಬರಿಗಿಂತ ಕಡಿಮೆ ಇರಬಾರದು. ಸ್ವರಲಿಪಿಯ ಕೆಳಗೆ ಇಂಗ್ಲಿಷ್ ಸಾಹಿತ್ಯ, ಅದರ ಕೆಳಗೆ ಕೆಂಪಿನಲ್ಲಿ ಲ್ಯಾಟಿನ್ ಸಾಹಿತ್ಯ. ಎರಡನ್ನೂ ಬೆರೆಸಿ ಹಾಡಬೇಡಿ.

ಗದ್ದೆಬದು

ಹಾಡಿಗೆ ಸಿಕ್ಕ ಆ ಸ್ಪಷ್ಟತೆ ಓದುವ ಕಾವ್ಯಕ್ಕೆ ಸಿಕ್ಕಿಲ್ಲ, ಅದೇ ನನ್ನ ವಾದ. 'ಟ್ರಾಯ್ಲಸ್' ಕಾವ್ಯದ ಕೊನೆಗೆ ಚಾಸರನೇ ತನ್ನ ಪುಸ್ತಕಕ್ಕೆ 'ಓದಿದರೂ ಸರಿ, ಹಾಡಿದರೂ ಸರಿ, ಜನಕ್ಕೆ ಅರ್ಥವಾಗಲಿ' ಅನ್ನುವ ಹಾರೈಕೆ ಬರೆದಿದ್ದಾನೆ. ಎರಡೂ ದಾರಿ ತೆರೆದಿಟ್ಟಿದ್ದಾನೆ. ಕೇಂಬ್ರಿಜ್‌ನ ಕಾರ್ಪಸ್ ಕ್ರಿಸ್ಟಿ ಕಾಲೇಜಿನ 61ನೇ ಹಸ್ತಪ್ರತಿ ಇದೇ ಕಾವ್ಯದ್ದು, ಅದರ ಮೊದಲಲ್ಲಿರುವ ಚಿತ್ರದಲ್ಲಿ ಒಬ್ಬಾತ ಪೀಠದಲ್ಲಿ ನಿಂತು ಅರಮನೆಯ ಮಂದಿಗೆ ಹೇಳುತ್ತಿದ್ದಾನೆ. ಅದು ಚಾಸರನ ವಾಚನದ ದಾಖಲೆ ಅಂತ ಬಹಳ ಕಾಲ ನಂಬಿದ್ದರು. ಅವನ ಮುಂದೆ ಪುಸ್ತಕ ಕಾಣುವುದಿಲ್ಲ.

ಹೊಲಿಗೆದಾರ

ಚಿತ್ರಕ್ಕಿಂತ ಅಳತೆ ಹೆಚ್ಚು ಹೇಳುತ್ತದೆ. ಎಲ್ಸ್‌ಮಿಯರ್ ಸುಮಾರು 40 ಸೆಂ.ಮೀ. ಎತ್ತರ, 28 ಸೆಂ.ಮೀ. ಅಗಲ. ಅದನ್ನು ಮೇಜಿನ ಮೇಲೆ ತೆರೆದಿಟ್ಟೇ ಓದಬೇಕು. ಗವೇನ್ ಇರುವ ಪುಸ್ತಕ ಸುಮಾರು 17 ಸೆಂ.ಮೀ. ಎತ್ತರ, 12 ಸೆಂ.ಮೀ. ಅಗಲ, ಒಂದು ಕೈಯಲ್ಲಿ ಹಿಡಿಯಬಹುದು. ಒಬ್ಬರು ದೀಪದ ಹತ್ತಿರ ಕೂತು ಓದಿ ನಾಲ್ಕಾರು ಜನ ಸುತ್ತ ಕೂತು ಕೇಳುವುದಕ್ಕೆ ಹೊಂದುವ ಗಾತ್ರ.

ಓಲೆಗರಿ

ಓದುವುದಕ್ಕೆ ಪ್ರತ್ಯೇಕ ಹಾಳೆ ಮಾಡಿಕೊಳ್ಳುವವರು ಹಸ್ತಪ್ರತಿಯ ವಿನ್ಯಾಸ ಉಳಿಸಿಕೊಳ್ಳುವುದು ಹೇಗೆ? ಯಾರಾದರೂ ಕ್ರಮವಾಗಿ ಹೇಳಿ.

ಕೆಂಪುಗೆರೆ

ಮೊದಲು ಚಿತ್ರ ನೋಡಿ ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಿ, ಸಾಲು ಸಾಲಿಗೆ. ಆಮೇಲೆ ಸಂಕ್ಷೇಪ ಬಿಡಿಸಿ. ಸ್ವರದ ಮೇಲೆ ಅಡ್ಡಗೆರೆ ಇದ್ದರೆ ಮ್ ಅಥವಾ ನ್ ಬಿಟ್ಟಿದೆ ಅಂತ. ಪಿ ಅಕ್ಷರದ ಕಾಲಿಗೆ ಅಡ್ಡಗೆರೆ ಇದ್ದರೆ 'ಪರ್' ಅಥವಾ 'ಪಾರ್'. ಥಾರ್ನ್ ಮೇಲೆ ಪುಟ್ಟ ಟಿ ಇದ್ದರೆ 'ಥಾಟ್'. ಬಿಡಿಸಿದ ಅಕ್ಷರಗಳಿಗೆ ಬೇರೆ ಬಣ್ಣ ಹಾಕಿ, ತಪ್ಪಿದರೆ ಹಿಂದಕ್ಕೆ ಹೋಗಲು ಅನುಕೂಲ.

ಓದುವ ಹಾಳೆ ಎ4 ಇರಲಿ, ಅಕ್ಷರ 18 ಪಾಯಿಂಟ್, ಸಾಲಿನ ನಡುವೆ ಒಂದೂವರೆ ಅಂತರ. ಎಡಕ್ಕೆ ಸಾಲು, ಬಲಕ್ಕೆ ಕೆಂಪಿನಲ್ಲಿ ಬಾಬ್, ಕೊನೆಯ ಉದ್ದ ಸಾಲಿಗಿಂತ ಒಂದು ಸಾಲು ಮೇಲೆ, ಅಲ್ಲಿಂದ ವೀಲ್ ಕಡೆಗೆ ಒಂದು ಗೆರೆ ಎಳೆಯಿರಿ. ಸ್ವರಭಾರದ ಅಕ್ಷರದ ಕೆಳಗೆ ಚುಕ್ಕಿ. ಹೇಳಬಾರದ ಎಕಾರದ ಮೇಲೆ ಪೆನ್ಸಿಲ್ಲಿನಲ್ಲಿ ಓರೆಗೆರೆ.

ಬಾಬ್ ಒಂದು ಹಾಳೆಯಲ್ಲಿ, ವೀಲ್ ಇನ್ನೊಂದರಲ್ಲಿ ಬರುವಂತೆ ಮಾತ್ರ ಮಾಡಬೇಡಿ. ಹಾಳೆ ತಿರುಗಿಸುವಷ್ಟರಲ್ಲಿ ಪ್ರಾಸ ಆರಿಹೋಗುತ್ತದೆ. ತಿರುಗಿಸುವುದಿದ್ದರೆ ಪದ್ಯ ಪೂರ್ತಿ ಮುಗಿದ ಮೇಲೆ. ಎರಡೂ ಮಗ್ಗುಲಿಗೆ ಮುದ್ರಿಸಲೂಬೇಡಿ, ಹಿಂದಿನ ಅಕ್ಷರ ಬೆಳಕಿನಲ್ಲಿ ತೋರುತ್ತದೆ.

ಓದುಮನೆ

ವಿಷಯ ಬಿಟ್ಟು ಕೇಳುತ್ತಿದ್ದೇನೆ, ಕೆಂಪು ಬಿಡಿ, ಕಪ್ಪು ಮಸಿ ಯಾವುದರಿಂದ ಮಾಡುತ್ತಿದ್ದರು?

ಮಸಿಕುಡಿಕೆ

ಓಕ್ ಮರದ ಗಂಟುಕಾಯಿ, ಅನ್ನಭೇದಿ, ಅಕೇಸಿಯಾ ಗೋಂದು. ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಮಾಚಿಕಾಯಿ ಅಂತ ಸಿಗುವುದು ಇದೇ ಗಂಟುಕಾಯಿ. ತೂಕದಲ್ಲಿ ಕಾಯಿ 3, ಅನ್ನಭೇದಿ 2, ಗೋಂದು 1 ಇಟ್ಟುಕೊಂಡರೆ ನಡೆಯುತ್ತದೆ. ಕಾಯಿ ಜಜ್ಜಿ ನೀರಿನಲ್ಲಿ ಕೆಲವು ದಿನ ನೆನೆಸಿ ಸೋಸಿ, ಆಮೇಲೆ ಅನ್ನಭೇದಿ, ಕೊನೆಗೆ ಗೋಂದು. ಬರೆದಾಗ ಪೇಲವ, ಗಾಳಿ ತಾಗಿದ ಮೇಲೆ ಕಪ್ಪು. ಅನ್ನಭೇದಿ ಹೆಚ್ಚಾದರೆ ಕಾಲಾಂತರದಲ್ಲಿ ಹಾಳೆಯನ್ನೇ ತಿನ್ನುತ್ತದೆ, ಕಾಗದದ ಮೇಲೆ ಬೇಗ, ಸುಣ್ಣ ಉಂಡ ಚರ್ಮಪತ್ರದ ಮೇಲೆ ತಡವಾಗಿ. ಗೋಂದು ಕಡಿಮೆಯಾದರೆ ಹರಡುತ್ತದೆ, ಹೆಚ್ಚಾದರೆ ಚಕ್ಕೆ ಏಳುತ್ತದೆ.

ಎಡಮಗ್ಗುಲು

ಗವೇನ್‌ಗೆ ವಾಪಸ್ ಬರೋಣ. ಇಡೀ ಕಾವ್ಯ ಓದುವವರಿಗೆ ಸಮಯದ ಅಂದಾಜು ಬೇಕಾಗುತ್ತದೆ. ಉದ್ದ ಸಾಲಿಗೆ 4 ಸೆಕೆಂಡು, ಗಿಡ್ಡ ಸಾಲಿಗೆ 2 ಹಿಡಿದರೆ ಎರಡೂವರೆ ಗಂಟೆ ಮೇಲಾಗುತ್ತದೆ. ಸಂಪಾದಕರು ಮಾಡಿದ ನಾಲ್ಕು ಭಾಗಗಳಲ್ಲಿ ಸಾಲು ಕ್ರಮವಾಗಿ 490, 635, 872, 533. ಮೊದಲನೆಯದು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಮೂರನೆಯದು ಗಂಟೆ ಹತ್ತಿರ ಹೋಗುತ್ತದೆ, ಅದನ್ನು ಮೂರು ಬೇಟೆಗಳ ಲೆಕ್ಕದಲ್ಲಿ ಒಡೆದುಕೊಳ್ಳಿ.

ಅಂಚು

ಹಸ್ತಪ್ರತಿಯಲ್ಲಿ ದೊಡ್ಡ ಬಣ್ಣದ ಅಕ್ಷರಗಳು ಒಂಬತ್ತು, ನಾಲ್ಕಲ್ಲ. ನಾಲ್ಕು ಭಾಗ ಸಂಪಾದಕರ ಆಯ್ಕೆ. ವಿರಾಮ ಬೇಕಾದರೆ ಆ ಒಂಬತ್ತರಲ್ಲಿ ಯಾವುದರ ಮುಂದಾದರೂ ನಿಲ್ಲಿಸಬಹುದು.

ಹೊಲಿಗೆದಾರ

ಇದಕ್ಕೆ ನನ್ನ ತಕರಾರಿಲ್ಲ. ಬಾಬ್ ಮಾತ್ರ ಕೊನೆಗೇ.

ಓಲೆಗರಿ

ಮೊದಲ ಪದ್ಯದ ಹಾಳೆ ಕೆಂಪುಗೆರೆ ಅವರು ಹೇಳಿದ ಹಾಗೆ ಮಾಡಿ ಇಲ್ಲೇ ಹಾಕುತ್ತೇನೆ. 'ಅಸ್ಸೌಟ್' ಕೆಳಗಿನ ಚುಕ್ಕಿ ಸರಿಯಾದ ಅಕ್ಷರಕ್ಕೆ ಬಿದ್ದಿದೆಯಾ ಅಂತ ಗದ್ದೆಬದು ಅವರು ನೋಡಿ ಹೇಳಿ.